ಸ್ವಂತ ಇ-ಮೇಲ್ ಸರ್ವರ್: ಹಂತ ಹಂತವಾಗಿ ಕಟ್ಟಿಕೊಳ್ಳುವ ಬಗೆ

ಶಹಾಬಾದಿನ ಫರ್ಸಿ ಕಲ್ಲಿನ ಘಟಕವಿರಲಿ, ಚಿತ್ತಾಪುರದ ದಾಲ್ ಮಿಲ್ ಇರಲಿ, ವಾಡಿಯ ಲಾರಿ ಸಾಗಣೆ ಕಚೇರಿಯಿರಲಿ, ನಾಮಫಲಕದ ಕೆಳಗೆ ಇಂದು ದೂರವಾಣಿ ಸಂಖ್ಯೆಯ ಜೊತೆಗೆ ಒಂದು ಇ-ಮೇಲ್ ವಿಳಾಸವೂ ಬರೆದಿರುತ್ತದೆ. ಆ ವಿಳಾಸದ ಕೊನೆಯಲ್ಲಿ ಬಹುಮಟ್ಟಿಗೆ ಇರುವುದು ಜಿಮೇಲ್, ಯಾಹೂ ಅಥವಾ ರೆಡಿಫ್ ಹೆಸರು. ಅಂಗಡಿ ನಮ್ಮದು, ಸರಕು ನಮ್ಮದು, ಬಂಡವಾಳ ನಮ್ಮದು. ವಿಳಾಸ ಮಾತ್ರ ಬೇರೆಯವರದು. ಅನೇಕ ಕಡೆ ಅದು ಮಾಲೀಕರ ಹೆಸರಿನಲ್ಲಿಯೂ ಇರುವುದಿಲ್ಲ. ಹಿಂದೊಮ್ಮೆ ಲೆಕ್ಕ ಬರೆಯಲು ಬರುತ್ತಿದ್ದ ಹುಡುಗ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ತೆರೆದ ಖಾತೆಯೇ ಸಂಸ್ಥೆಯ ಅಧಿಕೃತ ವಿಳಾಸವಾಗಿ ಉಳಿದುಬಿಟ್ಟಿರುತ್ತದೆ.

ಇದರಿಂದ ಆಗುವ ನಷ್ಟವೇನು ಎಂದು ಕೇಳುವ ಸದಸ್ಯ ಮಿತ್ರರಿದ್ದಾರೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017 ರ 169 ನೇ ಪ್ರಕರಣವನ್ನು ಅವರು ಒಮ್ಮೆ ಓದತಕ್ಕದ್ದು. ನೋಂದಣಿಯ ಸಮಯದಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸಿದ ನೋಟಿಸು ಜಾರಿಯಾಯಿತೆಂದೇ ಕಾನೂನು ಪರಿಗಣಿಸುವ ವಿಧಾನಗಳಲ್ಲಿ ಒಂದು. ಆ ಪೆಟ್ಟಿಗೆಯನ್ನು ತೆರೆಯುವ ಗುಪ್ತಪದ ಊರು ಬಿಟ್ಟು ಹೋದ ನೌಕರನ ಬಳಿ ಉಳಿದಿದ್ದರೆ ಅದು ಇಲಾಖೆಯ ಚಿಂತೆಯಲ್ಲ. ಉತ್ತರ ಕೊಡುವ ಗಡುವು ಮಾತ್ರ ಸುಮ್ಮನೆ ಓಡುತ್ತಿರುತ್ತದೆ.

ವ್ಯಾಪಾರದ ಒಪ್ಪಂದಗಳ ವಿಷಯವೂ ಹೀಗೆಯೇ. ದುಬೈ ಮೂಲದ ಟ್ರೈಮೆಕ್ಸ್ ಸಂಸ್ಥೆಗೂ ವೇದಾಂತ ಅಲ್ಯೂಮಿನಿಯಂ ಸಂಸ್ಥೆಗೂ ನಡುವೆ ಬಾಕ್ಸೈಟ್ ಅದಿರಿನ ಪೂರೈಕೆಯ ಕುರಿತು ನಡೆದ ವ್ಯಾಜ್ಯದಲ್ಲಿ, ಇ-ಮೇಲ್ ಮೂಲಕ ಕೊಟ್ಟ ನಿಶ್ಚಿತ ಒಪ್ಪಿಗೆಯಿಂದಲೇ ಕರಾರು ಏರ್ಪಡುತ್ತದೆ, ವಿಧಿವತ್ತಾದ ಪತ್ರಕ್ಕೆ ಸಹಿ ಬಿದ್ದಿಲ್ಲವೆಂಬ ಕಾರಣಕ್ಕೆ ಅದು ಇಲ್ಲವಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2010 ರಲ್ಲಿ ತೀರ್ಪಿತ್ತಿತು. ಕಲ್ಲು, ಅದಿರು, ಬೇಳೆಕಾಳುಗಳ ವ್ಯವಹಾರ ಮಾಡುವ ನಮಗೆ ಇದು ದೂರದ ಸಂಗತಿಯಲ್ಲ. ಇನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ರ 13 ನೇ ಪ್ರಕರಣದಂತೆ, ಪತ್ರ ಪಡೆಯುವವರು ಇಂಥ ಗಣಕ ವ್ಯವಸ್ಥೆಗೇ ಕಳುಹಿಸಿ ಎಂದು ಗೊತ್ತುಪಡಿಸಿದ್ದರೆ ಪತ್ರವು ಆ ವ್ಯವಸ್ಥೆಯನ್ನು ಹೊಕ್ಕ ಗಳಿಗೆಯೇ ತಲುಪಿದ ಗಳಿಗೆ. ತೆರೆದು ಓದಿದ ಗಳಿಗೆಯಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣದ ಗಡುವು ಕೂಡ ಇಂಥ ದಾಖಲೆಗಳ ಮೇಲೆಯೇ ನಿಂತಿದೆ. 2006 ರ ಅಧಿನಿಯಮದ ಪ್ರಕಾರ, ಸರಕು ಮುಟ್ಟಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಹಣ ಪಾವತಿಗೆ ಇರುವ ಗರಿಷ್ಠ ಅವಧಿ 45 ದಿನ. ಆಕ್ಷೇಪ ಬಂದಿತ್ತೇ ಇಲ್ಲವೇ ಎಂಬ ಪ್ರಶ್ನೆ ಎದ್ದಾಗ ಮೂರು ವರ್ಷದ ಹಿಂದಿನ ಪತ್ರಪೆಟ್ಟಿಗೆ ಕೈಯಲ್ಲಿರಬೇಕು.

ಆದ್ದರಿಂದ ಇ-ಮೇಲ್ ಎಂಬುದು ಸಂಸ್ಥೆಯ ದಫ್ತರದ ಒಂದು ಭಾಗ. ಅದನ್ನು ನಮ್ಮ ಹಿಡಿತಕ್ಕೆ ತಂದುಕೊಳ್ಳಲು ಮುಕ್ತ ತಂತ್ರಾಂಶಗಳು ಒಂದು ದಾರಿ ಒದಗಿಸುತ್ತವೆ. ಪರವಾನಗಿ ಶುಲ್ಕವಿಲ್ಲದ, ಮೂಲ ಬರಹ ಎಲ್ಲರಿಗೂ ತೆರೆದಿರುವ ಈ ತಂತ್ರಾಂಶಗಳಿಂದ ಸ್ವಂತ ಇ-ಮೇಲ್ ಸರ್ವರ್ ಕಟ್ಟಿಕೊಳ್ಳಬಹುದು. ಆದರೆ ಒಂದೇ ದಿನದಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ನಿಲ್ಲಿಸಲು ಹೋದವರು ಕೈ ಸುಟ್ಟುಕೊಳ್ಳುವುದೇ ಹೆಚ್ಚು. ಹಂತಗಳನ್ನು ಹೇಗೆ ಜೋಡಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ಈ ಲೇಖನದ ವಿಷಯ.

ಪತ್ರ ಸಾಗುವ ಬಗೆ

ನಮ್ಮ ಭಾಗದವರಿಗೆ ಇದನ್ನು ವಿವರಿಸಲು ವಾಡಿ ಜಂಕ್ಷನ್ನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮುಂಬೈ-ಚೆನ್ನೈ ಮಾರ್ಗದಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874 ರಲ್ಲಿ, ಕವಲು ಮಾರ್ಗ ತೆರೆಯಿತು. ಶಹಾಬಾದಿನಲ್ಲಿ ಹೇರಿದ ಸರಕು ರೈಲಿನಲ್ಲಿ ಸೇಡಂ ಕಡೆಗೆ ಹೋಗಬೇಕಾದರೆ ವಾಡಿಯಲ್ಲಿ ಮಾರ್ಗ ಬದಲಿಸಲೇಬೇಕು. ಮುಂದಿನ ಹಳಿ ಖಾಲಿಯಿಲ್ಲದಿದ್ದರೆ ಗಾಡಿ ನಿಂತು ಕಾಯುತ್ತದೆ. ಯಾರೂ ಸರಕನ್ನು ಬಯಲಿಗೆ ಚೆಲ್ಲುವುದಿಲ್ಲ. ಇ-ಮೇಲ್ ಸಾಗುವುದೂ ಹೀಗೆಯೇ. ಕಳುಹಿಸುವ ಸರ್ವರ್ ಪತ್ರವನ್ನು ತನ್ನಲ್ಲಿ ಇಟ್ಟುಕೊಂಡು, ಪಡೆಯುವ ಸರ್ವರ್ ಎಲ್ಲಿದೆಯೆಂದು ಡೊಮೇನ್ ದಾಖಲೆಗಳಲ್ಲಿ ಹುಡುಕಿ, ಅದಕ್ಕೆ ಒಪ್ಪಿಸಿದ ಮೇಲಷ್ಟೇ ಕೈ ತೊಳೆದುಕೊಳ್ಳುತ್ತದೆ. ಈ ಸಂಭಾಷಣೆಯ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. 1982 ರಲ್ಲಿ ಜಾನ್ ಪೋಸ್ಟೆಲ್ ಅವರು ಬರೆದಿಟ್ಟ ನಿಯಮಗಳ ಅಡಿಪಾಯವೇ ಇಂದಿಗೂ ಉಳಿದಿದೆ.

ಇದರಿಂದ ನಮಗೆ ಒಂದು ದೊಡ್ಡ ಅನುಕೂಲವಿದೆ. ಎದುರಿನ ಸರ್ವರ್ ಉತ್ತರಿಸದಿದ್ದರೆ ಕಳುಹಿಸುವ ಸರ್ವರ್ ಕೂಡಲೇ ಪತ್ರ ಹಿಂದಿರುಗಿಸುವುದಿಲ್ಲ. ಬಿಟ್ಟು ಬಿಟ್ಟು ಪ್ರಯತ್ನಿಸುತ್ತ ಹೋಗುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕೆಂಬುದು ನಿಯಮಾವಳಿಯ ಸೂಚನೆ. ಪೋಸ್ಟ್‌ಫಿಕ್ಸ್ ತಂತ್ರಾಂಶದ ಸಹಜ ಮಿತಿ 5 ದಿನ. ಅಂದರೆ ನಮ್ಮ ಸರ್ವರ್ ಒಂದು ರಾತ್ರಿ ನಿಂತುಹೋದರೆ ಬರಬೇಕಾದ ಪತ್ರ ತಡವಾದೀತೇ ಹೊರತು ಸಾಮಾನ್ಯವಾಗಿ ಕಳೆದುಹೋಗದು. ಪತ್ರ ಸ್ವೀಕರಿಸುವ ಕೆಲಸ ಹೀಗೆ ತಾಳ್ಮೆಯುಳ್ಳದ್ದು. ಕಳುಹಿಸುವ ಕೆಲಸ ಹಾಗಲ್ಲ. ನಮ್ಮ ಪತ್ರವನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ಎದುರಿನವರು ನಿರ್ಧರಿಸುತ್ತಾರೆ. ಹಂತಗಳ ಅನುಕ್ರಮವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ: ಇಟ್ಟುಕೊಳ್ಳುವುದು ಮೊದಲು, ಸ್ವೀಕರಿಸುವುದು ಆಮೇಲೆ, ಕಳುಹಿಸುವುದು ಕಟ್ಟಕಡೆಗೆ.

ಈ ತಂತ್ರಾಂಶಗಳೇ ಬೆಳೆದು ಬಂದ ದಾರಿ

ಯೋಜನೆ ಹಾಕುವ ಮುನ್ನ ಈ ತಂತ್ರಾಂಶಗಳ ಇತಿಹಾಸವನ್ನು ಸ್ವಲ್ಪ ತಿಳಿಯುವುದು ಲಾಭದಾಯಕ. 1983 ರಲ್ಲಿ ಬರ್ಕ್ಲಿ ಯುನಿಕ್ಸ್ ಜೊತೆ ಬಂದ ಎರಿಕ್ ಆಲ್ಮನ್ ಅವರ ಸೆಂಡ್‌ಮೇಲ್ ಬಹಳ ವರ್ಷ ಅಂತರ್ಜಾಲದ ಅಂಚೆಯನ್ನು ಹೊತ್ತಿತು. ಅದರ ದೋಷವೆಂದರೆ ಎಲ್ಲ ಕೆಲಸವನ್ನೂ ಒಂದೇ ದೊಡ್ಡ ಕಾರ್ಯಕ್ರಮ, ಯಂತ್ರದ ಪೂರ್ಣ ಅಧಿಕಾರ ಹಿಡಿದುಕೊಂಡು ಮಾಡುತ್ತಿದ್ದುದು. 1988 ರ ನವೆಂಬರಿನಲ್ಲಿ ಅಂತರ್ಜಾಲವನ್ನು ಕಂಗೆಡಿಸಿದ ಮಾರಿಸ್ ಹುಳು ಒಳನುಗ್ಗಿದ ಬಾಗಿಲುಗಳಲ್ಲಿ ಸೆಂಡ್‌ಮೇಲ್ ಒಂದಾಗಿತ್ತು. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ವೀಟ್ಸೆ ವೆನೆಮಾ ಅವರು ಅದೇ ಕೆಲಸವನ್ನು ಸಣ್ಣ ಸಣ್ಣ ಕಾರ್ಯಕ್ರಮಗಳಾಗಿ ಒಡೆದು ಪೋಸ್ಟ್‌ಫಿಕ್ಸ್ ಬರೆದರು. ಅದು 1998 ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಕಲ್ಲಿನ ಘಟಕದಲ್ಲಿ ಕೊಯ್ಯುವವರು ಬೇರೆ, ಪಾಲಿಶ್ ಮಾಡುವವರು ಬೇರೆ, ಲಾರಿಗೆ ಹೇರುವವರು ಬೇರೆ. ಹೇರುವವನ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರೂ ಕೊಡುವುದಿಲ್ಲ. ಪೋಸ್ಟ್‌ಫಿಕ್ಸ್‌ನ ರಚನೆಯ ಗುಟ್ಟು ಅಷ್ಟೇ.

ಮುಕ್ತ ಎಂಬ ಮಾತಿಗೆ ಮರುಳಾಗಬಾರದೆಂಬುದಕ್ಕೆ ಕ್ಯೂಮೇಲ್ ಉದಾಹರಣೆ. ಡಿ.ಜೆ. ಬರ್ನ್‌ಸ್ಟೈನ್ ಬರೆದ ಇದು ಭದ್ರತೆಗೆ ಹೆಸರಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996 ರಲ್ಲಿ ಆರಂಭಿಸಿದ ಹಾಟ್‌ಮೇಲ್ ಕೂಡ ಇದನ್ನು ಬಳಸಿಕೊಂಡಿತ್ತು. ಆದರೆ 1998 ರ 1.03 ಆವೃತ್ತಿಯ ತರುವಾಯ ಮೂಲ ಕರ್ತೃವಿನಿಂದ ಹೊಸದು ಬರಲಿಲ್ಲ. ತಿದ್ದಿದ ಪ್ರತಿಯನ್ನು ಮುಕ್ತವಾಗಿ ಹಂಚಲು ಪರವಾನಗಿ ಅವಕಾಶ ಕೊಡುತ್ತಿರಲಿಲ್ಲವಾದ್ದರಿಂದ ಬಳಕೆದಾರರು ತೇಪೆಯ ಮೇಲೆ ತೇಪೆ ಹಚ್ಚಿಕೊಳ್ಳಬೇಕಾಯಿತು. 2007 ರಲ್ಲಿ ಅದನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಡುವ ಹೊತ್ತಿಗೆ ಬಹಳ ಜನ ಪೋಸ್ಟ್‌ಫಿಕ್ಸ್ ಕಡೆಗೆ ಸರಿದಿದ್ದರು. ತಂತ್ರಾಂಶ ಆರಿಸುವಾಗ ಬೆಲೆಯಿಲ್ಲವೆಂಬುದಕ್ಕಿಂತ, ಇಂದು ಅದನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳುವುದು ಮುಖ್ಯ. ಪೋಸ್ಟ್‌ಫಿಕ್ಸ್ ತಂಡವು ಇತ್ತೀಚಿನ ನಾಲ್ಕು ಸ್ಥಿರ ಆವೃತ್ತಿಗಳಿಗೆ ತಿದ್ದುಪಡಿ ಒದಗಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಪ್ರಯೋಗದ ಆವೃತ್ತಿಗಳು ಬೇರೆ ಸಾಲಿನಲ್ಲಿ ನಡೆಯುತ್ತವೆ. 2015 ರ 3.0 ಆವೃತ್ತಿಯಲ್ಲಿ, ಹಳೆಯ ಸಂರಚನೆಯ ಮೇಲೆ ಹೊಸ ತಂತ್ರಾಂಶ ಕೂತರೂ ಹಳೆಯ ನಡವಳಿಕೆಯೇ ಮುಂದುವರಿಯುವಂತೆ ಏರ್ಪಾಡು ಮಾಡಲಾಯಿತು. ಮನೆಯಲ್ಲಿ ವಾಸವಿದ್ದುಕೊಂಡೇ ಗೋಡೆ ರಿಪೇರಿ ಮಾಡಿದಂತೆ.

ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬಳಕೆದಾರರಿಗೆ ತೋರಿಸುವ ಕೆಲಸಕ್ಕೆ ಡವ್‌ಕಾಟ್ ಎಂಬ ತಂತ್ರಾಂಶ ಪ್ರಸಿದ್ಧ. ಫಿನ್ಲೆಂಡಿನ ಟಿಮೊ ಸಿರಾಯ್ನೆನ್ 2002 ರಲ್ಲಿ ಹೊರತಂದ ಇದು 1.0 ಎಂಬ ಅಂಕಿಯನ್ನು ಮುಟ್ಟಿದ್ದು 2007 ರಲ್ಲಿ. ಕಟ್ಟಿದವರೇ ಐದು ವರ್ಷ ತೆಗೆದುಕೊಂಡ ಕೆಲಸವನ್ನು ನಾವು ಒಂದು ಭಾನುವಾರದಲ್ಲಿ ಮುಗಿಸುತ್ತೇವೆಂದು ಹೊರಡುವುದು ಸರಿಯಲ್ಲ.

ಮೊದಲ ಹಂತ: ಹೆಸರು

ಇದು ಎಲ್ಲರಿಗೂ, ಒಬ್ಬನೇ ನೌಕರನಿರುವ ಅಡತಿ ಅಂಗಡಿಗೂ ಅನ್ವಯಿಸುವ ಹಂತ. ಸಂಸ್ಥೆಯ ಹೆಸರಿನಲ್ಲಿ ಒಂದು ಡೊಮೇನ್ ನಾಮವನ್ನು ನೋಂದಾಯಿಸಿಕೊಳ್ಳಬೇಕು. ಭಾರತದ ಡಾಟ್ ಇನ್ ಹೆಸರುಗಳನ್ನು ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. 2005 ರಿಂದ ಸಾಮಾನ್ಯ ವ್ಯಾಪಾರಿಗಳಿಗೂ ಅಧಿಕೃತ ನೋಂದಣಿದಾರರ ಮೂಲಕ ಅವು ಸುಲಭವಾಗಿ ದೊರೆಯುತ್ತಿವೆ. ಖರ್ಚು ದೊಡ್ಡದಲ್ಲ. ದೊಡ್ಡದು ಎಚ್ಚರಿಕೆ. ಹೆಸರು ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಬೇಕು, ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ. ನವೀಕರಣದ ಸೂಚನೆ ಬರುವ ಇ-ಮೇಲ್ ವಿಳಾಸ ಅದೇ ಡೊಮೇನಿನದಾಗಿರಬಾರದು. ಹೆಸರು ರದ್ದಾದ ದಿನ ಎಚ್ಚರಿಕೆಯ ಪತ್ರವೂ ತಲುಪುವುದಿಲ್ಲ. ನವೀಕರಣದ ದಿನಾಂಕವನ್ನು ವಿಮೆ ಮತ್ತು ಲಾರಿ ಪರ್ಮಿಟ್ಟುಗಳ ದಿನಾಂಕ ಬರೆಯುವ ಡೈರಿಯಲ್ಲಿಯೇ ಬರೆದಿಡುವುದು ವಾಸಿ.

ಹೆಸರು ಬಂದ ಕೂಡಲೇ ಸರ್ವರ್ ಬೇಡ. ತಿಂಗಳ ಬಾಡಿಗೆಗೆ ಪೆಟ್ಟಿಗೆ ಕೊಡುವ ಯಾವುದಾದರೂ ಸೇವೆಯಲ್ಲಿ ನಾಲ್ಕು ವಿಳಾಸ ತೆರೆದರೆ ಸಾಕು. ವ್ಯಕ್ತಿಗಳ ಹೆಸರಿಗಿಂತ ಹುದ್ದೆಯ ಹೆಸರು ಮೇಲು: ಮಾರಾಟಕ್ಕೆ ಒಂದು, ಲೆಕ್ಕಕ್ಕೆ ಒಂದು, ಸಾಗಣೆಗೆ ಒಂದು, ತೆರಿಗೆಗೆ ಒಂದು. ನೌಕರ ಬದಲಾದರೂ ವಿಳಾಸ ಉಳಿಯುತ್ತದೆ. ಸೇವೆ ಹಿಡಿಸದಿದ್ದರೆ ನಾಳೆ ಬದಲಿಸಬಹುದು. ಹೊರಜಗತ್ತಿಗೆ ವಿಳಾಸ ಬದಲಾದಂತೆ ಕಾಣುವುದೇ ಇಲ್ಲ. ಬಹುಪಾಲು ಸದಸ್ಯರು ಇಲ್ಲಿಗೇ ನಿಂತರೂ ನಷ್ಟವಿಲ್ಲ. ಕೇಂದ್ರ ಸರ್ಕಾರವೇ ತನ್ನ ನೌಕರರ ಇ-ಮೇಲ್‌ಗಳನ್ನು ಜೋಹೋ ಸಂಸ್ಥೆ ರೂಪಿಸಿದ ವೇದಿಕೆಗೆ ಸಾಗಿಸಿದೆಯೆಂದು 2025 ರಲ್ಲಿ ವರದಿಯಾಯಿತು. ಸ್ವಂತ ಸರ್ವರ್ ಇಲ್ಲದಿರುವುದು ಅವಮಾನವಲ್ಲ. ಸ್ವಂತ ಹೆಸರು ಇಲ್ಲದಿರುವುದು ಅಪಾಯ.

ಕನ್ನಡ ಲಿಪಿಯಲ್ಲಿಯೇ ವಿಳಾಸ ಬೇಕೆನ್ನುವವರಿಗೆ ಡಾಟ್ ಭಾರತ ಎಂಬ ಕನ್ನಡದ ಡೊಮೇನ್ ಕೂಡ ಇದೆ. ಅಭಿಮಾನದ ವಿಷಯವೇ ಸರಿ. ಆದರೆ ಎದುರಿನ ಸರ್ವರ್ ಇಂಥ ವಿಳಾಸವನ್ನು ಅರಿಯದಿದ್ದರೆ ಪತ್ರ ಮುಟ್ಟದು. ಇನ್‌ವಾಯ್ಸ್ ಮೇಲೆ ಅದೊಂದನ್ನೇ ನೆಚ್ಚಿಕೊಳ್ಳುವುದು ಸದ್ಯಕ್ಕೆ ಬೇಡ.

ಎರಡನೆಯ ಹಂತ: ನಕಲು

ಇಲ್ಲಿಂದ ಮುಕ್ತ ತಂತ್ರಾಂಶದ ಕೆಲಸ ಶುರು. ಕಚೇರಿಯ ಹಳೆಯ ಗಣಕಯಂತ್ರಕ್ಕೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ, ಅದರಲ್ಲಿ ಡವ್‌ಕಾಟ್ ನಿಲ್ಲಿಸಿ, ಬಾಡಿಗೆಯ ಪೆಟ್ಟಿಗೆಗಳಲ್ಲಿ ಇರುವ ಪತ್ರಗಳ ನಕಲನ್ನು ಪ್ರತಿ ಗಂಟೆಗೊಮ್ಮೆ ಅದಕ್ಕೆ ತರಿಸಿಕೊಳ್ಳಬೇಕು. ಹೀಗೆ ತರುವ ತಂತ್ರಾಂಶಗಳಲ್ಲಿ ಫೆಚ್‌ಮೇಲ್ ಹಳೆಯದು. ಎರಿಕ್ ರೇಮಂಡ್ ಅವರು 1996 ರಲ್ಲಿ ಬೇರೊಬ್ಬರ ಸಣ್ಣ ಕಾರ್ಯಕ್ರಮವೊಂದನ್ನು ಕೈಗೆತ್ತಿಕೊಂಡು, ಬೇಗ ಬೇಗ ಬಿಡುಗಡೆ ಮಾಡುತ್ತ, ಬಳಸಿದವರ ದೂರುಗಳಿಂದಲೇ ತಿದ್ದುತ್ತ ಬೆಳೆಸಿದ್ದು ಇದು. ಆ ಅನುಭವವನ್ನೇ ಆಧರಿಸಿ ಅವರು 1997 ರಲ್ಲಿ ಮಂಡಿಸಿದ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಎಂಬ ಪ್ರಬಂಧ ಮುಕ್ತ ತಂತ್ರಾಂಶ ಚಳವಳಿಯ ಮುಖ್ಯ ಬರಹವಾಯಿತು. ಅಂಚೆ ತರುವ ಚಿಕ್ಕ ಕಾರ್ಯಕ್ರಮದಿಂದ ಒಂದು ಸಿದ್ಧಾಂತವೇ ಹುಟ್ಟಿದ್ದು ಸ್ವಾರಸ್ಯಕರ. ಇಂದು ಪತ್ರಗಳ ಜೊತೆಗೆ ಅವುಗಳನ್ನಿಟ್ಟ ಕಡತಗಳನ್ನೂ ಹಾಗೆಯೇ ಹೊಂದಿಸಿ ತರಬೇಕಾದರೆ ಎಂಬಿಸಿಂಕ್ ಹೆಚ್ಚು ಅನುಕೂಲ.

ಈ ಹಂತದ ಸೊಗಸೇನೆಂದರೆ, ಯಂತ್ರ ಸುಟ್ಟುಹೋದರೂ ವ್ಯಾಪಾರ ಒಂದು ನಿಮಿಷವೂ ನಿಲ್ಲುವುದಿಲ್ಲ. ಪತ್ರಗಳು ಮೊದಲಿನಂತೆಯೇ ಬಾಡಿಗೆಯ ಪೆಟ್ಟಿಗೆಗೆ ಬರುತ್ತಿರುತ್ತವೆ. ನಮ್ಮ ಹುಡುಗರು ಮಾತ್ರ ನಿರ್ಭಯವಾಗಿ ಕಲಿಯುತ್ತಾರೆ: ಲಿನಕ್ಸ್ ನವೀಕರಿಸುವುದು, ಬ್ಯಾಕಪ್ ತೆಗೆಯುವುದು, ತೆಗೆದ ಬ್ಯಾಕಪ್ಪಿನಿಂದ ಮತ್ತೆ ಕಟ್ಟಿ ನಿಲ್ಲಿಸುವುದು. ಕೊನೆಯದನ್ನು ಬಹಳ ಜನ ಮಾಡಿ ನೋಡುವುದೇ ಇಲ್ಲ. ಮಾಡಿ ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಪತ್ರಗಳನ್ನು ಡಿಸ್ಕಿನಲ್ಲಿ ಇಡುವ ರೀತಿಯಲ್ಲಿ ಮೇಲ್‌ಡಿರ್ ಎಂಬುದನ್ನು ಆರಿಸುವುದು ನಮ್ಮ ಭಾಗಕ್ಕೆ ಸೂಕ್ತ. ಹಳೆಯ ಪದ್ಧತಿಯಲ್ಲಿ ಒಂದು ಪೆಟ್ಟಿಗೆಯ ಪತ್ರಗಳೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಇರುತ್ತಿದ್ದವು. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತವೇ ಕೆಡುವ ಭಯ. ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್‌ನಲ್ಲಿ ಪ್ರತಿ ಪತ್ರವೂ ಪ್ರತ್ಯೇಕ ಕಡತ. ಅದು ಮೊದಲು ತಾತ್ಕಾಲಿಕ ಜಾಗದಲ್ಲಿ ಪೂರ್ತಿ ಇಳಿಯುತ್ತದೆ. ಇಳಿದು ಮುಗಿದ ಮೇಲೆ ಹೊಸ ಪತ್ರಗಳ ಜಾಗಕ್ಕೆ ಒಮ್ಮೆಗೇ ಸರಿಯುತ್ತದೆ. ನೋಡಿದ ಮೇಲೆ ಮೂರನೆಯ ಜಾಗಕ್ಕೆ. ಲಾರಿಯಿಂದ ತೊಗರಿ ಮೂಟೆಯನ್ನು ಅಂಗಳದಲ್ಲಿ ಇಳಿಸಿ, ತೂಕ ಮಾಡಿ, ಆಮೇಲೆ ಗೋದಾಮಿನ ಲೆಕ್ಕಕ್ಕೆ ಸೇರಿಸಿದ ಹಾಗೆ. ನಡುವೆ ದೀಪ ಹೋದರೂ ಗೋದಾಮಿನ ಒಳಗಿನ ಲೆಕ್ಕ ಕೆಡುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಈ ನಕಲು ಉಪಯುಕ್ತ. 2024 ರ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63 ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರಲ್ಲಿ ದಾಖಲೆಯ ಹ್ಯಾಷ್ ಮೌಲ್ಯವನ್ನೂ ನಮೂದಿಸಬೇಕು. ಪತ್ರಗಳು ಯಾರ ಸುಪರ್ದಿನಲ್ಲಿದ್ದವು ಎಂಬ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿಯೇ ಉತ್ತರವಿದ್ದರೆ ವಕೀಲರ ಕೆಲಸ ಹಗುರ. ಆರು ತಿಂಗಳಾದರೂ ಈ ಹಂತದಲ್ಲಿ ನಿಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಮೂರನೆಯ ಹಂತ: ಸ್ವೀಕಾರ

ಹೊರಗಿನಿಂದ ಬರುವ ಪತ್ರಗಳನ್ನು ನೇರವಾಗಿ ಸ್ವೀಕರಿಸುವ ಸರ್ವರನ್ನು ಕಚೇರಿಯಲ್ಲಿ ಇಡುವುದು ಬೇಡ. ಸೇಡಮ್ಮಿನಲ್ಲಾಗಲಿ ಚಿಂಚೋಳಿಯಲ್ಲಾಗಲಿ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಧಾರಿಸಿದ್ದರೂ, ಅಂಥ ಸಂಪರ್ಕದ ಐಪಿ ವಿಳಾಸ ಸಾಮಾನ್ಯವಾಗಿ ಬದಲಾಗುತ್ತಿರುತ್ತದೆ. ಭಾರತದೊಳಗಿನ ದತ್ತಾಂಶ ಕೇಂದ್ರದಲ್ಲಿ ಒಂದು ಬಾಡಿಗೆ ಸರ್ವರ್ ಸಾಕು. ಹತ್ತಿಪ್ಪತ್ತು ಪೆಟ್ಟಿಗೆಗಳ ಸಂಸ್ಥೆಗೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಮತ್ತು ಕಸದ ಪತ್ರ ಸೋಸುವ ಆರ್‌ಸ್ಪ್ಯಾಮ್‌ಡಿ ನಡೆಸಲು 2 ಜಿಬಿ ಮೆಮೊರಿ ಸಾಕಾಗುತ್ತದೆ. ವೈರಸ್ ಶೋಧಿಸುವ ಕ್ಲಾಮ್‌ಎವಿ ಸೇರಿಸಿದರೆ 4 ಜಿಬಿ ಬೇಕು. ಬ್ರೌಸರಿನಲ್ಲಿ ಪತ್ರ ಓದಲು ರೌಂಡ್‌ಕ್ಯೂಬ್ ಇದೆ. ಇವೆಲ್ಲವೂ ಮುಕ್ತ ತಂತ್ರಾಂಶಗಳೇ.

ಮೊದಲು ಮುಖ್ಯ ಡೊಮೇನನ್ನು ಮುಟ್ಟದೆ, ಅದರ ಅಡಿಯಲ್ಲಿ ಪರೀಕ್ಷೆಗೆಂದೇ ಒಂದು ಉಪಹೆಸರು ಮಾಡಿ, ಅದರ ಎಂಎಕ್ಸ್ ದಾಖಲೆಯನ್ನು ಹೊಸ ಸರ್ವರಿನ ಕಡೆ ತಿರುಗಿಸಬೇಕು. ಇಬ್ಬರು ನೌಕರರು ಒಂದು ತಿಂಗಳು ಅದನ್ನು ಬಳಸಲಿ. ದೊಡ್ಡ ನಕ್ಷೆಯ ಕಡತ, ಸ್ಕ್ಯಾನ್ ಮಾಡಿದ ಖರೀದಿ ಆದೇಶ, ಕನ್ನಡದಲ್ಲಿ ಬರೆದ ಪತ್ರ ಎಲ್ಲವನ್ನೂ ಕಳುಹಿಸಿ ಪರೀಕ್ಷಿಸಲಿ. ಇನ್ನೊಂದು ಮಾತು: ಗುಪ್ತಪದ ಕೊಡದ ಅಪರಿಚಿತರ ಪತ್ರವನ್ನು ಮೂರನೆಯವರಿಗೆ ಸಾಗಿಸುವಂತೆ ಸರ್ವರ್ ತೆರೆದಿರಲೇಕೂಡದು. ಹಾಗೆ ತೆರೆದಿಟ್ಟ ಸರ್ವರನ್ನು ವಂಚಕರು ಪತ್ತೆ ಹಚ್ಚಲು ಹೆಚ್ಚು ಹೊತ್ತು ಬೇಕಿಲ್ಲ.

ನಾಲ್ಕನೆಯ ಹಂತ: ರವಾನೆ

ಎಡವುವವರೆಲ್ಲ ಎಡವುವುದು ಇಲ್ಲಿ. ಪತ್ರ ಕಳುಹಿಸಿದ್ದೇವೆ, ಸರ್ವರ್ ತಪ್ಪು ತೋರಿಸಿಲ್ಲ, ಆದರೂ ಖರೀದಿದಾರರ ಕಸದ ಪೆಟ್ಟಿಗೆಯಲ್ಲಿ ನಮ್ಮ ದರಪಟ್ಟಿ ಬಿದ್ದಿರುತ್ತದೆ. ನಮಗೆ ಅದು ತಿಳಿಯುವುದು ಆದೇಶ ಬೇರೆಯವರಿಗೆ ಹೋದ ಮೇಲೆ.

ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ನಿಂತವರಿಗೆ ಇದರ ತರ್ಕ ಬೇಗ ಅರ್ಥವಾಗುತ್ತದೆ. ಲಾರಿ ಬಂದಾಗ ಕಾವಲುಗಾರ ಇ-ವೇ ಬಿಲ್ಲಿನಲ್ಲಿರುವ ಗಾಡಿ ಸಂಖ್ಯೆಯನ್ನು ನೋಡುತ್ತಾನೆ. ಸರಕಿನ ಮೊಹರು ಒಡೆದಿದೆಯೇ ಎಂದು ನೋಡುತ್ತಾನೆ. ಎರಡೂ ಸರಿಯಿಲ್ಲದಿದ್ದರೆ ಏನು ಮಾಡಬೇಕೆಂಬ ಆದೇಶ ಅವನ ಬಳಿ ಇರುತ್ತದೆ. ಇ-ಮೇಲ್‌ನಲ್ಲಿ ನಮ್ಮ ಡೊಮೇನಿನ ಹೆಸರಿನಲ್ಲಿ ಪತ್ರ ತರಲು ಯಾವ ಸರ್ವರುಗಳಿಗೆ ಅಧಿಕಾರವಿದೆಯೆಂಬ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ದಾರಿಯಲ್ಲಿ ಪತ್ರವನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಗಣಿತದ ಮೊಹರು ಡಿಕಿಮ್. ಇವೆರಡರಲ್ಲಿ ಒಂದೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಎದುರಿನವರಿಗೆ ನಾವೇ ಕೊಡುವ ಸೂಚನೆ ಡಿಮಾರ್ಕ್. ಮೂರನ್ನೂ ಡೊಮೇನ್ ದಾಖಲೆಗಳಲ್ಲಿ ಬರೆದಿಡಬೇಕು.

ಡಿಮಾರ್ಕ್ ರೂಪಿಸಿದವರು ಹಂತಗಳ ಆಲೋಚನೆಯನ್ನು ಅದರೊಳಗೇ ಇಟ್ಟಿದ್ದಾರೆ. ಮೊದಲ ಸೂಚನೆ: ಏನೂ ಮಾಡಬೇಡಿ, ವರದಿ ಮಾತ್ರ ಕಳುಹಿಸಿ. ಎರಡನೆಯದು: ಅನುಮಾನದ ಪತ್ರಗಳನ್ನು ಬೇರೆಯಾಗಿಡಿ. ಮೂರನೆಯದು: ತಿರಸ್ಕರಿಸಿ. ನೇರವಾಗಿ ಮೂರನೆಯದಕ್ಕೆ ಹಾರಿದರೆ ನಮ್ಮದೇ ಪತ್ರಗಳು ತಿರಸ್ಕೃತವಾಗುವ ಸಂಭವವುಂಟು. ಏಕೆಂದರೆ ನಮ್ಮ ಹೆಸರಿನಲ್ಲಿ ಯಾರು ಯಾರು ಪತ್ರ ಕಳುಹಿಸುತ್ತಾರೆಂಬುದು ನಮಗೇ ಪೂರ್ತಿ ನೆನಪಿರುವುದಿಲ್ಲ. ಬಿಲ್ಲು ಕಳುಹಿಸುವ ಲೆಕ್ಕದ ತಂತ್ರಾಂಶ, ವೆಬ್‌ಸೈಟಿನ ವಿಚಾರಣಾ ನಮೂನೆ, ಸ್ಕ್ಯಾನ್ ಮಾಡಿ ನೇರ ಇ-ಮೇಲ್ ಮಾಡುವ ಝೆರಾಕ್ಸ್ ಯಂತ್ರ ಇವೆಲ್ಲ ವರದಿಯಲ್ಲಿ ಒಂದೊಂದಾಗಿ ಹೊರಬರುತ್ತವೆ. ಎರಡು ಮೂರು ತಿಂಗಳ ವರದಿ ನೋಡಿ, ಪಟ್ಟಿ ಸರಿಪಡಿಸಿ, ಆಮೇಲೆ ಬಿಗಿ ಮಾಡತಕ್ಕದ್ದು.

2024 ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ವಿಷಯದಲ್ಲಿ ಕಟ್ಟುನಿಟ್ಟಾದವು. ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಬೇಕು. ದಿನಕ್ಕೆ 5,000 ಕ್ಕೂ ಹೆಚ್ಚು ಕಳುಹಿಸುವವರಿಗೆ ಮೂರೂ ಬೇಕು. ಸರ್ವರಿನ ಐಪಿ ಸಂಖ್ಯೆಯನ್ನು ಕೇಳಿದರೆ ಅದರ ಹೆಸರು, ಹೆಸರನ್ನು ಕೇಳಿದರೆ ಅದೇ ಸಂಖ್ಯೆ ಬರಬೇಕೆಂಬ ನಿಬಂಧನೆಯೂ ಇದೆ. ಸಂಖ್ಯೆಯಿಂದ ಹೆಸರು ತಿಳಿಸುವ ದಾಖಲೆಯನ್ನು ಬರೆಯಬಲ್ಲವರು ಐಪಿ ವಿಳಾಸದ ಒಡೆಯರು ಮಾತ್ರ. ಸರ್ವರ್ ಬಾಡಿಗೆಗೆ ಹಿಡಿಯುವ ಮುನ್ನವೇ ಈ ಸೌಲಭ್ಯವಿದೆಯೇ ಎಂದು ಕೇಳಿಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದರೂ ಹೊಸ ಐಪಿ ವಿಳಾಸಕ್ಕೆ ಪತ್ತು ಇರುವುದಿಲ್ಲ. ಮಾರುಕಟ್ಟೆಗೆ ಹೊಸದಾಗಿ ಬಂದವನಿಗೆ ಮೊದಲ ದಿನವೇ ಯಾರು ಉದ್ದರಿ ಕೊಡುತ್ತಾರೆ? ಹಿಂದೆ ಅದೇ ಸಂಖ್ಯೆಯನ್ನು ಬಳಸಿದವರು ಕಸದ ಪತ್ರ ಹಂಚಿದ್ದರೆ ಅವರ ಕೆಟ್ಟ ಹೆಸರೂ ನಮ್ಮ ತಲೆಗೆ. ಸ್ಪ್ಯಾಮ್‌ಹೌಸ್ ಮುಂತಾದ ಸಂಸ್ಥೆಗಳ ನಿಷೇಧ ಪಟ್ಟಿಗಳಲ್ಲಿ ಸಂಖ್ಯೆಯನ್ನು ಮೊದಲೇ ಹುಡುಕಿ ನೋಡಬೇಕು. ಈ ಕಾರಣಗಳಿಂದ ಹೊರಹೋಗುವ ಪತ್ರಗಳನ್ನು ಪತ್ತು ಇರುವ ರವಾನೆ ಸೇವೆಯೊಂದರ ಮೂಲಕ ಕಳುಹಿಸುವುದೇ ಸಣ್ಣ ಉದ್ಯಮಗಳಿಗೆ ಯೋಗ್ಯ. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ನಾಲ್ಕಾರು ಸಾಲು ಬರೆದರೆ ಮುಗಿಯಿತು. ಮೊದಲು ಸಾಗಣೆ ವಿಭಾಗದ ಪತ್ರಗಳು, ಆಮೇಲೆ ಲೆಕ್ಕದವು, ಕೊನೆಗೆ ಮಾರಾಟದವು ಎಂದು ಒಂದೊಂದೇ ವಿಳಾಸವನ್ನು ಸರಿಸಬೇಕು. ಸ್ವಂತ ಸರ್ವರಿನಿಂದ ನೇರ ರವಾನೆ ಎಂಬ ಐದನೆಯ ಹಂತ ಕಾಗದದ ಮೇಲೆ ಇದೆ. ಅದನ್ನು ಹತ್ತದಿದ್ದರೆ ಏನೂ ಕೊರತೆಯಾಗದು.

ಹಣ ಹೋಗುವ ದಾರಿ

ಈ ಮೂರು ದಾಖಲೆಗಳಿಗೆ ಇನ್ನೊಂದು ಪ್ರಯೋಜನವಿದೆ. ನಮ್ಮ ಹೆಸರಿನಲ್ಲಿ ಖರೀದಿದಾರರಿಗೆ ಪತ್ರ ಹೋಗುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ. ಖರೀದಿದಾರರು ಹಾಕಿಬಿಡುತ್ತಾರೆ. ಡಿಮಾರ್ಕ್ ಬಿಗಿಯಾಗಿದ್ದರೆ ನಮ್ಮ ಡೊಮೇನನ್ನೇ ನಕಲು ಮಾಡಿದ ಇಂಥ ಪತ್ರಗಳನ್ನು ಎದುರಿನ ಸರ್ವರ್ ತಡೆಯಬಲ್ಲದು. ಆದರೆ ಒಂದಕ್ಷರ ಬದಲಿಸಿದ ಹೋಲುವ ಹೆಸರನ್ನು ಅದು ತಡೆಯದು; ಗುಪ್ತಪದ ಕದ್ದು ನಮ್ಮ ಪೆಟ್ಟಿಗೆಯಿಂದಲೇ ಬರೆದರೆ ಅದನ್ನೂ ತಡೆಯದು. ಆದ್ದರಿಂದ ಪ್ರತಿ ಇನ್‌ವಾಯ್ಸ್ ಮೇಲೆ, ಬ್ಯಾಂಕ್ ಖಾತೆಯ ಬದಲಾವಣೆಯನ್ನು ನಾವು ಇ-ಮೇಲ್‌ನಲ್ಲಿ ತಿಳಿಸುವುದಿಲ್ಲ, ಫೋನ್ ಮಾಡಿ ಖಚಿತಪಡಿಸಿಕೊಳ್ಳಿ ಎಂದು ಅಚ್ಚು ಹಾಕಿಸುವುದು ಯಾವ ತಂತ್ರಾಂಶಕ್ಕಿಂತಲೂ ಅಗ್ಗದ ರಕ್ಷಣೆ. ಹಣ ಹೋದದ್ದು ತಿಳಿದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಗಂಟೆಗಳು ಕಳೆದಂತೆಲ್ಲ ಹಣ ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಸರ್ವರ್ ನಡೆಸುವವರ ಮೇಲೆ ಹೊಣೆಯೂ ಇದೆ. ಸರ್ಟ್-ಇನ್ ಸಂಸ್ಥೆಯು 2022 ರ ಏಪ್ರಿಲ್ 28 ರಂದು ಹೊರಡಿಸಿದ ನಿರ್ದೇಶನಗಳು ಸಣ್ಣ ಉದ್ಯಮಗಳಿಗೆ ಅದೇ ವರ್ಷ ಸೆಪ್ಟೆಂಬರ್ 25 ರಿಂದ ಅನ್ವಯವಾದವು. ಅವುಗಳಂತೆ, ಗೊತ್ತುಪಡಿಸಿದ ಬಗೆಯ ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸರ್ವರಿನ ದಿನಚರಿ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಲಿನಕ್ಸ್ ವಿತರಣೆಗಳಲ್ಲಿ ದಿನಚರಿ ಕೆಲವೇ ವಾರಗಳಲ್ಲಿ ಅಳಿದುಹೋಗುವಂತೆ ಇರುವುದು ಸಾಮಾನ್ಯ. ಅದನ್ನು ಮೊದಲ ದಿನವೇ ಬದಲಿಸಿರಬೇಕು.

ನೋಡಿಕೊಳ್ಳುವವರು ಯಾರು

ಸರ್ವರ್ ನಿಲ್ಲಿಸಿದವರು ನಾಳೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಸರ್ವರ್ ಇಲ್ಲಿಯೇ ಇರುತ್ತದೆ. ತಂತ್ರಾಂಶವೂ ಅದು ಕೂತಿರುವ ಲಿನಕ್ಸೂ ನಿಂತ ನೀರಲ್ಲ. ಸೆಂಟ್‌ಓಎಸ್ 8 ಅನ್ನು ನೆಚ್ಚಿದ್ದವರು ಅದರ ಬೆಂಬಲ ಮೊದಲು ತಿಳಿಸಿದ್ದಕ್ಕಿಂತ ಬಹಳ ಮುಂಚೆ, 2021 ರ ಡಿಸೆಂಬರ್ ಕೊನೆಗೆ ನಿಂತುಹೋದದ್ದನ್ನು ಕಂಡರು. ಡವ್‌ಕಾಟ್ 2.4 ಆವೃತ್ತಿ 2025 ರಲ್ಲಿ ಬಂದಾಗ 2.3 ರ ಸಂರಚನಾ ಕಡತ ಹಾಗೆಯೇ ನಡೆಯದಂತಾಯಿತು. ಪರೀಕ್ಷಾ ಯಂತ್ರದಲ್ಲಿ ಮೊದಲು ಹಾಕಿ ನೋಡದವರ ಪೆಟ್ಟಿಗೆಗಳು ತೆರೆಯುವುದೇ ಇಲ್ಲ. ಎರಡನೆಯ ಹಂತದ ಹಳೆಯ ಗಣಕಯಂತ್ರವನ್ನು ಎಸೆಯದೆ ಇಟ್ಟುಕೊಂಡಿದ್ದರೆ ಇಂಥ ತಾಲೀಮಿಗೆ ಅದೇ ಒದಗುತ್ತದೆ.

ತಾನೊಬ್ಬನೇ ಇದನ್ನೆಲ್ಲ ನಡೆಸಲಾರೆ ಎನ್ನುವ ಘಟಕಗಳು ಕೂಡಿ ನಡೆಸಬಹುದು. ಒಂದೇ ಪೋಸ್ಟ್‌ಫಿಕ್ಸ್ ಅನೇಕ ಡೊಮೇನುಗಳನ್ನು ಬೇರೆ ಬೇರೆಯಾಗಿ ನಿರ್ವಹಿಸಬಲ್ಲದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹತ್ತು ಹನ್ನೆರಡು ಸಂಸ್ಥೆಗಳು ಸೇರಿ ಒಂದು ಸರ್ವರ್ ಹಿಡಿದು, ಒಬ್ಬ ತಂತ್ರಜ್ಞನಿಗೂ ಅವನು ಇಲ್ಲದಾಗ ನೋಡುವ ಇನ್ನೊಬ್ಬನಿಗೂ ಸಂಬಳ ಹಂಚಿಕೊಂಡರೆ ಪ್ರತಿಯೊಬ್ಬರ ಪಾಲಿಗೆ ಬರುವ ಹೊರೆ ಸಹನೀಯ. ಆದರೆ ಪೈಪೋಟಿಯಲ್ಲಿರುವ ಇಬ್ಬರು ಫರ್ಸಿ ವ್ಯಾಪಾರಿಗಳ ದರಪಟ್ಟಿಗಳು ಒಂದೇ ಯಂತ್ರದಲ್ಲಿ ಇರುವುದನ್ನು ಅವರು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ತಂತ್ರಜ್ಞ ಯಾರ ಪತ್ರವನ್ನಾದರೂ ಓದಬಲ್ಲ. ಕರಾರು ಪತ್ರ, ಪ್ರವೇಶದ ದಿನಚರಿ, ಹೊರಬರಲು ಬಯಸಿದವರಿಗೆ ಅವರ ಪತ್ರಗಳನ್ನೆಲ್ಲ ಒಪ್ಪಿಸುವ ಷರತ್ತು ಇವಿಲ್ಲದೆ ಕೂಡಿಕೆ ಬೇಡ.

ಕೊನೆಯದಾಗಿ ಮುಖ್ಯ ಡೊಮೇನನ್ನು ಹೊಸ ಸರ್ವರಿಗೆ ತಿರುಗಿಸುವ ದಿನ. ತೊಗರಿ ಹೊಸದಾಗಿ ಮಾರುಕಟ್ಟೆಗೆ ಬರುವ ಡಿಸೆಂಬರ್-ಜನವರಿಯಲ್ಲಿ ದಾಲ್ ಮಿಲ್‌ನವರು ಇದಕ್ಕೆ ಕೈ ಹಾಕಬಾರದು. ಮಾರ್ಚ್ ಯಾರಿಗೂ ಬೇಡ. ತಿಂಗಳಲ್ಲಿ 11 ಮತ್ತು 20 ನೇ ತಾರೀಖುಗಳ ತೆರಿಗೆ ವಿವರಣೆಗಳು ಸಲ್ಲಿಕೆಯಾದ ಮೇಲೆ ಬರುವ ಶನಿವಾರ ಸಂಜೆ ಸೂಕ್ತ. ಅದಕ್ಕೆ ಎರಡು ದಿನ ಮೊದಲೇ ಡೊಮೇನ್ ದಾಖಲೆಯ ಆಯುಷ್ಯವನ್ನು 300 ಸೆಕೆಂಡುಗಳಿಗೆ ಇಳಿಸಿಟ್ಟಿದ್ದರೆ, ತಪ್ಪಾದಾಗ ಬಹುತೇಕ ಪತ್ರಗಳು ಕೆಲವೇ ನಿಮಿಷಗಳಲ್ಲಿ ಹಳೆಯ ದಾರಿಗೆ ಮರಳುತ್ತವೆ. ಬಾಡಿಗೆಯ ಪೆಟ್ಟಿಗೆಗಳನ್ನು ಕೂಡಲೇ ರದ್ದು ಮಾಡದೆ ಇನ್ನೂ ಮೂರು ತಿಂಗಳ ಬಾಡಿಗೆ ಕಟ್ಟಿ, ದಿನಕ್ಕೊಮ್ಮೆ ತೆರೆದು ನೋಡುವ ಕೆಲಸವನ್ನು ಒಬ್ಬರಿಗೆ ಹೆಸರು ಹೇಳಿ ವಹಿಸಬೇಕು.